ರೂಟರಿನೊಳಗೊಂದು ಸರತಿ ಸಾಲು

ಸಿಗ್ನಲ್ ತುಂಬಿದೆ, ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತಿದೆ. ಆದರೂ ಮನೆಯಲ್ಲೊಬ್ಬರು ಮದುವೆಯ ವಿಡಿಯೊ ಅಪ್‌ಲೋಡ್ ಮಾಡಲು ಕೂತರೆ ಸಾಕು, ಇನ್ನೊಬ್ಬರ ವಿಡಿಯೊ ಕಾಲ್‌ನಲ್ಲಿ ಮುಖ ನಿಂತಲ್ಲೇ ನಿಲ್ಲುತ್ತದೆ, ಮಾತು ತುಂಡಾಗುತ್ತದೆ. ವೈ-ಫೈಯನ್ನು ಬೈಯುತ್ತೇವೆ. ಇಂಥ ಕಡೆ ತಪ್ಪು ಬಹುಪಾಲು ರೂಟರಿನ ಮೆಮೊರಿಯಲ್ಲಿ ಬೆಳೆಯುವ ಸರತಿಯದು.

2010ರಲ್ಲಿ ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ ತಮ್ಮ ಮನೆಯಲ್ಲೇ ಈ ಕಾಟದ ಬೆನ್ನುಹತ್ತಿದರು. ದೊಡ್ಡ ಫೈಲು ಹೋಗುತ್ತಿರುವಾಗ ಪಿಂಗ್ ಎಂಬ ಪರೀಕ್ಷಾ ಸಂದೇಶಕ್ಕೆ ಉತ್ತರ ಬರಲು ಒಂದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಮೆಮೊರಿ ಅಗ್ಗವಾದಂತೆ, ದತ್ತಾಂಶದ ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ತಯಾರಕರು ಅವು ಕಾಯುವ ಜಾಗವಾದ ಬಫರ್‌ಗಳನ್ನು ಹಿಗ್ಗಿಸುತ್ತಾ ಹೋಗಿದ್ದರು. ಆದರೆ ದಾರಿ ತುಂಬಿದೆ ಎಂದು, ದತ್ತಾಂಶ ಕಳಿಸುವ ನಿಯಮಾವಳಿಯಾದ ಟಿಸಿಪಿಗೆ ತಿಳಿಯುವುದೇ ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋದಾಗ. ಕಳೆಯದಿದ್ದರೆ ಅದು ಸುರಿಯುತ್ತಲೇ ಇರುತ್ತದೆ, ಸಾಲು ಬೆಳೆಯುತ್ತಲೇ ಇರುತ್ತದೆ. ಗೆಟಿಸ್ ಇದನ್ನು ಬಫರ್‌ಬ್ಲೋಟ್ ಎಂದು ಕರೆದರು.

ಮದ್ದು ಸಿಕ್ಕಿದ್ದು 2012ರಲ್ಲಿ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ರೂಪಿಸಿದ ಕೋಡೆಲ್ ಎಂಬ ವಿಧಾನ ಸಾಲಿನ ಉದ್ದವನ್ನು ಲೆಕ್ಕಿಸದೆ, ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡುಗಳಲ್ಲಿ ಒಮ್ಮೆಯೂ ಕಾಯುವ ಹೊತ್ತು 5 ಮಿಲಿಸೆಕೆಂಡಿಗೆ ಇಳಿಯದಿದ್ದರೆ, ಬೇಕೆಂದೇ ಒಂದು ಪ್ಯಾಕೆಟ್ ಎಸೆಯುತ್ತದೆ. ಕಳಿಸುವವನು ಎಚ್ಚೆತ್ತು ವೇಗ ತಗ್ಗಿಸುತ್ತಾನೆ. ಇದರ ಮುಂದಿನ ರೂಪವಾದ ಎಫ್‌ಕ್ಯೂ-ಕೋಡೆಲ್ ಪ್ರತಿ ಸಂಪರ್ಕಕ್ಕೂ ಬೇರೆ ಬೇರೆ ಸಾಲು ಮಾಡುತ್ತದೆ. ಹತ್ತು ಮೂಟೆ ಹೊತ್ತು ತಂದವನ ಹಿಂದೆ ಒಂದೇ ಕಾಗದ ಹಿಡಿದವನು ಕಾಯಬೇಕಿಲ್ಲ.

ಆದರೆ ಈ ಮದ್ದು ಎಲ್ಲ ರೂಟರಿಗೂ ತಲುಪುವುದಿಲ್ಲ. ಮಾರಾಟವಾದ ಮೇಲೆ ಅಗ್ಗದ ರೂಟರುಗಳ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಕಂಪನಿಗಳು ಬಹುಮಟ್ಟಿಗೆ ಮರೆತೇಬಿಡುತ್ತವೆ. ಅದನ್ನು ನಾವೇ ಬದಲಿಸಬಹುದಾದದ್ದು ಒಂದು ಜಗಳದ ಫಲ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇದೆಯೆಂದು 2003ರಲ್ಲಿ ಬಳಕೆದಾರರು ಪತ್ತೆಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯಂತೆ ಮೂಲ ಸಂಕೇತ ಕೊಡಲೇಬೇಕೆಂದು ಪಟ್ಟುಹಿಡಿದರು, ಕಂಪನಿ ಕೊಟ್ಟಿತು. ಮರುವರ್ಷ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ಹೆಸರಿನಲ್ಲಿ ಆ ರೂಟರಿನ ಗುರುತು ಇಂದಿಗೂ ಉಳಿದಿದೆ. ಎಫ್‌ಕ್ಯೂ-ಕೋಡೆಲ್ ಅದರಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಜತೆಗೆ ಎಸ್‌ಕ್ಯೂಎಂ ಎಂಬ ಸೌಲಭ್ಯ ಹಾಕಿಕೊಂಡು, ವೇಗದ ಮಿತಿಯನ್ನು ನಿಮ್ಮ ಲೈನಿನ ನಿಜವಾದ ವೇಗಕ್ಕಿಂತ ಶೇ 10ರಷ್ಟು ಕಡಿಮೆ ಇಡಬೇಕು. ಆಗ ಸಾಲು ಆಚೆಯ ಮೋಡೆಮಿನಲ್ಲಿ ನಿಲ್ಲದೆ ನಿಮ್ಮ ಹಿಡಿತದ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಸ್ವಲ್ಪ ವೇಗ ಬಿಟ್ಟುಕೊಡಲು ಹಲವರು ಒಪ್ಪುವುದಿಲ್ಲ, ಆದರೆ ಒಪ್ಪಿದವರ ಮನೆಯಲ್ಲಿ ಕಾಲ್ ತುಂಡಾಗುವುದು ಕಡಿಮೆ.

ಮಿತಿಗಳಿವೆ. ಈ ಕೆಲಸವೆಲ್ಲ ರೂಟರಿನ ಪ್ರೊಸೆಸರ್ ಮೇಲೆ ಬೀಳುವುದರಿಂದ ಹಳೆಯ ಪೆಟ್ಟಿಗೆಗಳು ವೇಗದ ಫೈಬರ್ ಲೈನಿನಲ್ಲಿ ಏದುಸಿರು ಬಿಡುತ್ತವೆ. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯನ್ನು ಮುಟ್ಟದಿರುವುದೇ ಲೇಸು. ಅದಕ್ಕೊಂದು ಬೇರೆ ರೂಟರ್ ಜೋಡಿಸಿಕೊಳ್ಳಿ. ಇನ್ನು ಕಾಂಕ್ರೀಟ್ ಗೋಡೆ ತೂರಿ ಹೋಗುವ ಶಕ್ತಿಯನ್ನು ಯಾವ ಫರ್ಮ್‌ವೇರೂ ಕೊಡದು.

ಆದ್ದರಿಂದ ಮೊದಲು ರೂಟರಿಗೆ ಕೇಬಲ್‌ನಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡುತ್ತಾ ಪಿಂಗ್ ನೋಡಿ. 20 ಮಿಲಿಸೆಕೆಂಡು ಇದ್ದದ್ದು 500ಕ್ಕೆ ಜಿಗಿದರೆ ರೋಗ ಸಾಲಿನದು, ಫರ್ಮ್‌ವೇರ್ ಬದಲಿಸುವುದು ಸಾರ್ಥಕ. ಕೇಬಲ್‌ನಲ್ಲಿ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ಕೆಟ್ಟರೆ, ಅಲ್ಲಿಗೊಂದು ತಂತಿ ಎಳೆಸಿ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡಿ. ಫರ್ಮ್‌ವೇರ್ ಬದಲಿಸುವುದೇ ಆದರೆ ರೂಟರಿನ ಅಡಿಯ ಚೀಟಿಯಲ್ಲಿರುವ ಮಾಡೆಲ್ ಜತೆಗೆ ವರ್ಷನ್ ಸಂಖ್ಯೆಯೂ ಹೊಸದಕ್ಕೆ ತಾಳೆಯಾಗಬೇಕು. ಕೆಲಸ ಕೇಬಲ್ ಮೂಲಕವೇ ಮಾಡಿ, ಕರೆಂಟು ಹೋಗದ ಹೊತ್ತು ನೋಡಿಕೊಂಡು.