ಅಂಗಿಯ ಮೇಲಿಲ್ಲದ ಹೆಸರು

ಸಣ್ಣ ಊರಿನ ಕಾಲೇಜು ತಂಡಕ್ಕೆ ಅಭಿಮಾನಿಗಳೇಕೆ ಬೇಕು? ಉತ್ತರ ಸ್ಪರ್ಧೆಯ ವ್ಯವಸ್ಥೆಯಲ್ಲೇ ಇದೆ.

1963ರಲ್ಲಿ ಆರಂಭವಾದ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿಗಾಗಲಿ, ಉಜಿರೆಯ ಎಸ್‌ಡಿಎಂ ಕಾಲೇಜಿಗಾಗಲಿ ಸ್ವಂತ ಹೆಸರಿನಲ್ಲಿ ಸೆಣಸುವ ಅವಕಾಶವಿರುವುದು ಮುಖ್ಯವಾಗಿ ಅಂತರಕಾಲೇಜು ಕೂಟದಲ್ಲಿ. ಅಲ್ಲಿ ಮಿಂಚಿದವರು ಮಂಗಳೂರು ವಿಶ್ವವಿದ್ಯಾನಿಲಯದ ತಂಡ ಸೇರುತ್ತಾರೆ. ಅಖಿಲ ಭಾರತ ಅಂತರ ವಿ.ವಿ. ಕೂಟಕ್ಕೆ ಹೊರಟಾಗ ಅಂಗಿಯ ಮೇಲೆ ವಿಶ್ವವಿದ್ಯಾನಿಲಯದ ಹೆಸರು. ಕಾಲೇಜು ಮರೆಗೆ ಸರಿಯುತ್ತದೆ.

ಗುರುರಾಜ ಪೂಜಾರಿ ಇದಕ್ಕೆ ನಿದರ್ಶನ. ಕುಂದಾಪುರ ಪರಿಸರದ ವಂಡ್ಸೆ ಕಡೆಯ ಈ ಲಾರಿ ಚಾಲಕರ ಮಗ ವೇಯ್ಟ್‌ಲಿಫ್ಟಿಂಗ್ ಕಲಿತದ್ದು ಉಜಿರೆಯ ಕಾಲೇಜಿನಲ್ಲಿ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದ ಕಂಚು, ಎತ್ತಿದ್ದು 269 ಕೆ.ಜಿ. ಎರಡೂ ಪದಕ ಸೇರಿದ್ದು ಭಾರತದ ಲೆಕ್ಕಕ್ಕೆ.

ಅದು ಸರಿಯೇ. ಆದರೆ ಮೊದಲ ಬಾರಿಗೆ ಭಾರ ಎತ್ತಿಸಿದ ಕಾಲೇಜಿಗೆ ಪದಕ ಪಟ್ಟಿಯಲ್ಲಿ ಕಾಲಂ ಇಲ್ಲ. ಹುಟ್ಟಿದ ಊರಿಗೂ ಇಲ್ಲ. ಅದನ್ನು ತುಂಬುವವರು, ‘ನಮ್ಮ ಕಾಲೇಜಿನ ಹುಡುಗ’, ‘ನಮ್ಮೂರಿನವ’ ಎಂದು ನೆನಪಿಟ್ಟುಕೊಂಡು ಹೇಳುವ ಅಭಿಮಾನಿಗಳು. ಮುಂದಿನ ಹುಡುಗ ಕ್ರೀಡಾಂಗಣಕ್ಕೆ ಇಳಿಯಲು ಆ ಮಾತೂ ಒಂದು ಕಾರಣವಾಗಬಲ್ಲದು.