ದೇವಶಿಶುವಿನ ಕೆನ್ನೆ

ಐರೋಪ್ಯ ಪುನರುಜ್ಜೀವನ ಕಾಲದ ಚಿತ್ರಗಳಲ್ಲಿ, ಮೋಡಗಳ ನಡುವೆ ತುಂಬುಗೆನ್ನೆಯ ಶಿಶುಗಳು ಮೇಲಕ್ಕೆ ದೃಷ್ಟಿ ನೆಟ್ಟಿರುವುದನ್ನು ನೀವು ಕಂಡಿರಬಹುದು. ‘ಚೆರಬ್’ ಎಂಬ ಆ ದೇವಶಿಶುಗಳ ಹೆಸರನ್ನು ವೈದ್ಯಶಾಸ್ತ್ರ ದವಡೆಯ ಒಂದು ಅಪರೂಪದ ರೋಗಕ್ಕೆ ಇಟ್ಟಿದೆ: ಚೆರಬಿಸಂ. 1933ರಲ್ಲಿ ಜೋನ್ಸ್ ಎಂಬ ವೈದ್ಯರು ಒಂದೇ ಮನೆಯ ಮೂವರು ಮಕ್ಕಳಲ್ಲಿ ಇದನ್ನು ಕಂಡು ವರ್ಣಿಸಿದರು. ಹೆಸರೇನೋ ಚೆಲುವಾದುದೇ, ಹೆತ್ತವರ ಕಣ್ಣಿಗೆ ಆ ಚೆಲುವು ಕಾಣಲಾರದು.

ಹುಟ್ಟಿದಾಗ ಮಗುವಿನ ಮುಖ ಎಲ್ಲ ಮಕ್ಕಳಂತೆಯೇ ಇರುತ್ತದೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಕೆಳದವಡೆಯ ಎರಡು ಬದಿಯೂ ನೋವಿಲ್ಲದೆ ಊದತೊಡಗುತ್ತದೆ. ಮೂಳೆಯಿದ್ದೆಡೆ ನಾರಿನಂಥ ಮೃದು ಅಂಗಾಂಶ ತುಂಬಿಕೊಳ್ಳುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ದವಡೆ ಸಾಬೂನಿನ ನೊರೆಯಂತೆ ತೋರುತ್ತದೆ. ಮೇಲ್ದವಡೆಗೂ ಊತ ಹಬ್ಬಿದರೆ ಕೆಳರೆಪ್ಪೆ ಜಗ್ಗಿ, ಕಣ್ಣಾಲಿಯ ಕೆಳಗಿನ ಬಿಳುಪು ಹೊರಗಾಣುತ್ತದೆ. ಆ ಸ್ವರ್ಗಮುಖಿ ನೋಟದ ಗುಟ್ಟು ಇಷ್ಟೇ.

‘ಗೆಡ್ಡೆ’ ಎಂದೊಡನೆ ನಮ್ಮ ಮನಸ್ಸು ಕ್ಯಾನ್ಸರಿನತ್ತ ಓಡುತ್ತದೆ. ಇದು ಕ್ಯಾನ್ಸರಲ್ಲ. ಬಹುಪಾಲು ರೋಗಿಗಳಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯ ದೋಷ 2001ರಲ್ಲಿ ಪತ್ತೆಯಾಯಿತು. ಗ್ರಹಣದ ದಿನ ಬಸುರಿ ಏನು ಮಾಡಿದಳೆಂದು ಮನೆಯ ಹಿರಿಯರು ವಿಚಾರಣೆ ಹೂಡುವ ಅಗತ್ಯವಿಲ್ಲ.

ಸೋಜಿಗವೆಂದರೆ, ಹರೆಯ ಬಂದ ಮೇಲೆ ಈ ಊತ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ಮೆಲ್ಲಮೆಲ್ಲನೆ ಇಳಿಯುತ್ತದೆ. ಮೂವತ್ತರ ಹೊತ್ತಿಗೆ ಎಷ್ಟೋ ಮಂದಿಯ ಮುಖದಲ್ಲಿ ಅದರ ಗುರುತು ಸಿಗುವುದೇ ಕಷ್ಟ. ಆದಕಾರಣ ಇಲ್ಲಿ ಶಸ್ತ್ರವೈದ್ಯನ ಮೊದಲ ಕೆಲಸ ಕಾಯುವುದು. ಬೆಳವಣಿಗೆಯ ಭರದಲ್ಲಿ ಕೈಹಾಕಿದರೆ ಕೆರೆದು ತೆಗೆದದ್ದು ಮತ್ತೆ ತುಂಬಿಕೊಳ್ಳುವುದುಂಟು. ಉಸಿರಾಟಕ್ಕೋ ದೃಷ್ಟಿಗೋ ಅಗಿಯುವುದಕ್ಕೋ ಅಡ್ಡಿಯಾದಾಗ ಮಾತ್ರ ಕಾಯಲಾಗದು. ಆಗ ಒಳಗಿನ ಅಂಗಾಂಶವನ್ನು ಕೆರೆದು, ಮೂಳೆಯನ್ನು ಒಪ್ಪವಾಗಿ ಕೆತ್ತುತ್ತಾರೆ. ಜೊತೆಯವರ ಗೇಲಿಗೆ ಹೆದರಿ ಮಗು ಶಾಲೆಯನ್ನೇ ತೊರೆಯುವಂತಾದರೆ, ಅದನ್ನೂ ಸಕಾರಣವೆಂದೇ ನಾನು ಎಣಿಸುತ್ತೇನೆ. ವಿಕಿರಣ ಚಿಕಿತ್ಸೆ ಮಾತ್ರ ಸಲ್ಲದು. ನಿರಪಾಯದ ಊತವನ್ನು ಕರಗಿಸಹೋಗಿ, ಮುಂದೆ ನಿಜವಾದ ಕ್ಯಾನ್ಸರಿಗೆ ದಾರಿ ಮಾಡಿಕೊಟ್ಟಂತಾದೀತು.

ನವಜಾತ ಶಿಶುವಿನ ಒಸಡಿನಿಂದ ಜೋಲುವ ಗಂಟಿನ ಮಾತು ಬೇರೆ. 1871ರಲ್ಲಿ ನಾಯ್ಮನ್ ವರ್ಣಿಸಿದ ಈ ಗಂಟು ಬಹುಮಟ್ಟಿಗೆ ಹೆಣ್ಣುಶಿಶುಗಳಲ್ಲಿ ಕಾಣುವಂಥದು. ಚಿಕ್ಕದಾದರೆ ಕೆಲವೊಮ್ಮೆ ತಾನೇ ಕುಗ್ಗುತ್ತದೆ. ಬಾಯಿ ತುಂಬಿ ಹಾಲು ಕುಡಿಯಲು ಬಿಡದಿದ್ದರೆ, ಬುಡದಲ್ಲಿ ಕತ್ತರಿಸಿ ತೆಗೆಯುತ್ತಾರೆ. ಅದು ಮರಳಿ ಬೆಳೆಯುವುದಿಲ್ಲ.

ಚೆರಬಿಸಂ ಇರುವ ಮಗುವಿನ ತಂದೆತಾಯಿಗಳಿಗೆ ಇಂಥ ಸುಲಭದ ಬಿಡುಗಡೆ ಇಲ್ಲ. ಅವರದು ಹತ್ತು ಹನ್ನೆರಡು ವರ್ಷಗಳ ಕಾಯುವಿಕೆ. ಅಷ್ಟು ಕಾಲವೂ ಮಗುವಿನ ಕಣ್ಣನ್ನೂ ಹಲ್ಲನ್ನೂ ತಪ್ಪದೆ ಪರೀಕ್ಷಿಸಬೇಕು; ಕೆಲವು ಹಲ್ಲು ಮೂಡುವುದೇ ಇಲ್ಲ, ಮೂಡಿದವು ಸ್ಥಾನ ತಪ್ಪಿರುತ್ತವೆ. ಅವನ್ನು ಸಾಲಿಗೆ ತರುವ ಕೆಲಸ, ಊತ ಇಳಿದ ಮೇಲೂ ಉಳಿದಿರುತ್ತದೆ.