ವಾಷಿಂಗ್ಟನ್ ಸಂಸ್ಥಾನದ ಸ್ವಯಂಸೇವಕ ತೋಟಗಾರರು

ಅಮೆರಿಕಾ ದೇಶದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ಸಂಸ್ಥಾನವಿರುವುದು. ಆ ದೇಶದ ರಾಜಧಾನಿಗೂ ಇದೇ ಹೆಸರಿದ್ದರೂ ಅದು ಬೇರೆ, ಇದು ಬೇರೆ. ಎರಡರ ನಡುವೆ ಇಡೀ ಖಂಡದ ಅಗಲವೇ ಇದೆ. ಸೇಬಿನ ಬೆಳೆಯಲ್ಲಿ ಆ ದೇಶದ ಸಂಸ್ಥಾನಗಳಲ್ಲೆಲ್ಲಾ ಇದೇ ಮೊದಲನೆಯದು. ವ್ಯವಸಾಯದ ತಿಳಿವಳಿಕೆಯನ್ನು ಸಂಬಳದ ಅಧಿಕಾರಿಯೊಬ್ಬನಿಂದಲೇ ಎಲ್ಲರಿಗೂ ಮುಟ್ಟಿಸಲು ಸಾಧ್ಯವಿಲ್ಲದಾಗ ಏನು ಮಾಡಬಹುದೆಂಬುದಕ್ಕೆ ಇಲ್ಲಿ ನಡೆದ ಒಂದು ಏರ್ಪಾಡು ಉತ್ತರವಾಗಿದೆ. ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಅದನ್ನು ತಿಳಿದುಕೊಳ್ಳುವುದು ಪ್ರಯೋಜನಕರವು.

ಆ ದೇಶದಲ್ಲಿ 1862 ರ ಕಾನೂನಿನಂತೆ ಸಂಸ್ಥಾನಗಳಿಗೆ ಭೂಮಿಯು ಕೊಡಲ್ಪಟ್ಟು, ಅದರ ಆದಾಯದಿಂದ ವ್ಯವಸಾಯದ ಕಾಲೇಜುಗಳು ಸ್ಥಾಪಿತವಾದವು. ಬೆಂಗಳೂರಿನ ಹೆಬ್ಬಾಳದಲ್ಲಿ 1964 ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವೂ ಈ ಮಾದರಿಯದೇ. ಅಮೆರಿಕಾದ ಟೆನೆಸಿ ವಿಶ್ವವಿದ್ಯಾನಿಲಯವು ಅದಕ್ಕೆ ನೆರವಾಯಿತು. 1914 ರ ಇನ್ನೊಂದು ಕಾನೂನಿನಿಂದ ಕಾಲೇಜಿನ ತಿಳಿವಳಿಕೆಯನ್ನು ಹಳ್ಳಿಗೆ ಒಯ್ಯುವ ಅಧಿಕಾರಿಗಳು ಕೌಂಟಿ ಕೌಂಟಿಗಳಲ್ಲಿ ನೇಮಕವಾದರು. ಕೌಂಟಿ ಎಂದರೆ ಹೆಚ್ಚು ಕಡಮೆ ನಮ್ಮ ಜಿಲ್ಲೆಯೆನ್ನಬಹುದು.

ಸಿಯಾಟಲ್ ಪಟ್ಟಣವಿರುವ ಕಿಂಗ್ ಕೌಂಟಿಯಲ್ಲಿಯೂ, ಟಕೋಮಾ ಪಟ್ಟಣವಿರುವ ನೆರೆಯ ಪಿಯರ್ಸ್ ಕೌಂಟಿಯಲ್ಲಿಯೂ 1970 ರ ಸುಮಾರಿಗೆ ಈ ಅಧಿಕಾರಿಗಳಿಗೆ ಒಂದು ವಿಚಿತ್ರವಾದ ಕಷ್ಟವು ಒದಗಿತು. ಬೆಳೆಗಾರರಿಗಿಂತ ಹಿತ್ತಿಲಿನವರ ಪ್ರಶ್ನೆಗಳೇ ಅಧಿಕವಾದವು. ಗುಲಾಬಿಯ ಎಲೆ ಏಕೆ ಉದುರಿತು, ಹುಲ್ಲುಹಾಸಿನಲ್ಲಿ ಪಾಚಿ ಏಕೆ ಬಂದಿತು ಎಂದು ಟೆಲಿಫೋನು ಎಡೆಬಿಡದೆ ಬಾರಿಸುತ್ತಿತ್ತು. ಎಲ್ಲಕ್ಕೂ ಉತ್ತರ ಹೇಳುತ್ತ ಕುಳಿತರೆ ತೋಟಗಳ ಕಡೆಗೆ ಹೋಗಲು ಹೊತ್ತೆಲ್ಲಿ? ಕಿಂಗ್ ಕೌಂಟಿಯ ಡೇವಿಡ್ ಗಿಬಿ ಮತ್ತು ಪಿಯರ್ಸ್ ಕೌಂಟಿಯ ಬಿಲ್ ಶೀರ್ ಎಂಬ ಅಧಿಕಾರಿಗಳು ಆಲೋಚಿಸಿ, ಗಿಡಗಳಲ್ಲಿ ಆಸಕ್ತಿಯುಳ್ಳ ಊರಿನವರಿಗೇ ಶಿಕ್ಷಣವನ್ನು ಕೊಟ್ಟು, ಅದಕ್ಕೆ ಬದಲಾಗಿ ಅವರಿಂದ ಸೇವೆಯನ್ನು ಪಡೆಯುವ ಉಪಾಯವನ್ನು ಕಂಡುಹಿಡಿದರು. ಅರೆಕಲಿತವರು ತಪ್ಪು ಹೇಳಿಯಾರೆಂಬ ಶಂಕೆ ವಿಶ್ವವಿದ್ಯಾನಿಲಯದ ಪಂಡಿತರಲ್ಲಿ ಇಲ್ಲದಿರಲಿಲ್ಲ, ಶಂಕೆಯು ನ್ಯಾಯವಾದುದೇ. ಟಕೋಮಾದ ಅಂಗಡಿ ಸಮುಚ್ಚಯವೊಂದರಲ್ಲಿ ಪರೀಕ್ಷಾರ್ಥವಾಗಿ ಗಿಡಗಳ ಚಿಕಿತ್ಸಾಲಯವೊಂದನ್ನು ನಡೆಸಿದಾಗ ಜನರು ಬಂದು ಮುತ್ತಿದುದರಿಂದ ಅದರ ಅವಶ್ಯಕತೆಯು ಎಲ್ಲರಿಗೂ ವಿದಿತವಾಯಿತು. 1973 ರಲ್ಲಿ ಮೊದಲನೆಯ ತಂಡಕ್ಕೆ ಶಿಕ್ಷಣವಾಯಿತು. ಜರ್ಮನಿಯಲ್ಲಿ ನುರಿತ ತೋಟಗಾರನಿಗೆ ಕೊಡುವ ಬಿರುದನ್ನು ಅನುಸರಿಸಿ ಇವರನ್ನು ‘ಮಾಸ್ಟರ್ ಗಾರ್ಡನರ್’ ಎಂದು ಕರೆದರು.

ಇವರು ಕಲಿಯತಕ್ಕ ವಿಷಯಗಳು ಮಣ್ಣು, ಗೊಬ್ಬರ, ನೀರು, ಕೊಂಬೆ ಕತ್ತರಿಸುವ ಕ್ರಮ, ಕೀಟ, ರೋಗ, ಕಳೆ ಮೊದಲಾದವು. ಕಲಿತ ಬಳಿಕ ಮೊದಲನೆಯ ವರ್ಷ ಅನೇಕ ಕಡೆಗಳಲ್ಲಿ 40 ರಿಂದ 50 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು. ಮುಂದೆಯೂ ವರ್ಷ ವರ್ಷ ಪಾಠವನ್ನೂ ಸೇವೆಯನ್ನೂ ಮುಂದುವರಿಸಿದರೆ ಮಾತ್ರ ಹೆಸರು ಉಳಿಯುವುದು. ಮುಖ್ಯವಾದ ಕಟ್ಟಳೆಗಳು ಎರಡು. ವಿಶ್ವವಿದ್ಯಾನಿಲಯವು ಪರೀಕ್ಷಿಸಿ ಒಪ್ಪಿದ್ದನ್ನೇ ಹೇಳಬೇಕು, ತನ್ನ ಮನೆಯ ಕೈಮದ್ದನ್ನು ಹೇಳಕೂಡದು. ಈ ಬಿರುದನ್ನು ಮುಂದಿಟ್ಟುಕೊಂಡು ವ್ಯಾಪಾರವನ್ನಾಗಲಿ ಸಂಪಾದನೆಯನ್ನಾಗಲಿ ಮಾಡಕೂಡದು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ವಿಚಾರಿಸಿ ತಿಳಿಸಬೇಕೆಂಬುದನ್ನೂ ಕಲಿಸುತ್ತಾರೆ. ಪಾಠಗಳಲ್ಲೆಲ್ಲಾ ಕಷ್ಟವಾದುದು ಪ್ರಾಯಶಃ ಇದೇ.

ಚಿಕಿತ್ಸಾಲಯಕ್ಕೆ ಬಂದವನು ಬಾಡಿದ ಟೊಂಗೆಯನ್ನು ಮೇಜಿನ ಮೇಲೆ ಇಟ್ಟು ಔಷಧಿಯನ್ನು ಕೇಳುವನು. ಸ್ವಯಂಸೇವಕನು ಔಷಧಿಯ ಮಾತನ್ನೇ ಎತ್ತದೆ, ಗಿಡವನ್ನು ಎಂದು ನೆಟ್ಟದ್ದು, ಎಷ್ಟು ಆಳಕ್ಕೆ, ನೀರು ಹೇಗೆ, ಬುಡಕ್ಕೆ ಏನು ಹಾಕಿದ್ದು ಎಂದು ಕೇಳುತ್ತಾನೆ. ಎಷ್ಟೋ ಸಲ ರೋಗವೇ ಇರುವುದಿಲ್ಲ. ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕುಳಿಬೀಳುವುದನ್ನು ಕಂಡು ಬೂಷ್ಟಿನ ಔಷಧಿಯನ್ನು ಹೊಡೆಯುವವರುಂಟು. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಮೆಯಾಗಿ, ಕಾಯಿಗೆ ಸುಣ್ಣದ ಅಂಶವು ಮುಟ್ಟದೆ ಹಾಗಾಗುವುದೇ ಹೊರತು ಬೂಷ್ಟಿನಿಂದಲ್ಲ. ಹೊಡೆದ ಔಷಧಿಯೂ ದುಡ್ಡೂ ದಂಡ. ಆ ಸೀಮೆಯಲ್ಲಿ ಮಳೆ ಹೆಚ್ಚಾದುದರಿಂದ, ನಮ್ಮ ಮಲೆನಾಡಿನಂತೆ, ಮಣ್ಣಿನಲ್ಲಿ ಹುಳಿಯಂಶವಿರುವುದು. ಅದಕ್ಕೆಂದು ಪರೀಕ್ಷೆಯಿಲ್ಲದೆ ಎಲ್ಲೆಡೆಯೂ ಸುಣ್ಣವನ್ನು ಚೆಲ್ಲಿದರೆ, ಹುಳಿಮಣ್ಣನ್ನೇ ಬಯಸುವ ಗಿಡಗಳು ಹಳದಿಗಟ್ಟುವುವು. ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಸುಣ್ಣ.

ಹಿತ್ತಿಲಿನ ವಿಷಯವು ದೊಡ್ಡ ಬೆಳೆಗಾರನಿಗೆ ಏಕೆ ಎಂದು ಕೇಳಬಹುದು. 1980 ರಲ್ಲಿ ಆ ಸಂಸ್ಥಾನದಲ್ಲಿ ಸೇಬಿನ ಹುಳುವೊಂದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಇದರ ನೊಣವು ಹಣ್ಣಿನ ಸಿಪ್ಪೆಯ ಕೆಳಗೆ ಮೊಟ್ಟೆಯಿಡುವುದು; ಹುಳುವು ತಿರುಳನ್ನು ಕೊರೆದು, ಬಿದ್ದ ಹಣ್ಣಿನಿಂದ ಹೊರಟು ಮಣ್ಣನ್ನು ಸೇರಿ, ಚಳಿಗಾಲವನ್ನು ಕೋಶದಲ್ಲಿ ಕಳೆದು, ಬೇಸಗೆಯಲ್ಲಿ ನೊಣವಾಗಿ ಏಳುವುದು. ಯಾಕಿಮಾ, ವೆನಾಚೀ ಕಡೆಯ ತೋಟಗಳಿಗೆ ಇದು ಹಬ್ಬಿದರೆ ಹಣ್ಣನ್ನು ಪರದೇಶಗಳಿಗೆ ಕಳುಹಿಸುವುದಕ್ಕೇ ಅಡ್ಡಿ. ಆದುದರಿಂದ ಹುಳುವಿರುವ ಸೀಮೆಯ ಮನೆಗಳ ಹಣ್ಣನ್ನು ಹುಳುವಿಲ್ಲದ ಸೀಮೆಗೆ ಒಯ್ಯಕೂಡದೆಂದು ಸರ್ಕಾರದ ನಿರ್ಬಂಧವಿದೆ. ತನ್ನ ಮರದ ಕೀಟರೋಗಗಳನ್ನು ಹತೋಟಿಯಲ್ಲಿಡುವುದು ಒಡೆಯನ ಕರ್ತವ್ಯವೆಂದೂ ಕಾನೂನಿದೆ. ಆದಾಗ್ಯೂ ಒಂದೇ ಒಂದು ಮರವಿರುವ ಮನೆಯವನಿಗೆ ಕಾನೂನನ್ನು ಓದುವ ಗೋಜೇಕೆ? ಉದುರಿದ ಹಣ್ಣನ್ನು ಆಗಿಂದಾಗ್ಗೆ ಆಯ್ದು ನಾಶಮಾಡುವುದನ್ನೂ, ಎಳೆಗಾಯಿಗೆ ಚೀಲ ಕಟ್ಟುವುದನ್ನೂ ಅವನಿಗೆ ಕೈಯಾರೆ ಮಾಡಿ ತೋರಿಸತಕ್ಕವನು ಅದೇ ಬೀದಿಯ ಸ್ವಯಂಸೇವಕನು. ನೆರೆಯವನು ಔಷಧಿ ಹೊಡೆಯದೆ ಬಿಟ್ಟ ತೋಟದಿಂದ ಕೊಳೆರೋಗವನ್ನು ಬರಮಾಡಿಕೊಂಡ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಏರ್ಪಾಡು ಈಗ ಅಮೆರಿಕಾದ 50 ಸಂಸ್ಥಾನಗಳಲ್ಲಿಯೂ ಉಂಟು. ಇದು ಖರ್ಚಿಲ್ಲದ ಕೆಲಸವೆಂದು ಮಾತ್ರ ಎಣಿಸಬಾರದು. ಪಾಠ ಹೇಳುವ, ತಪ್ಪನ್ನು ತಿದ್ದುವ, ಲೆಕ್ಕವಿಡುವ ಸಂಬಳದ ಅಧಿಕಾರಿಯು ಇರಲೇಬೇಕು. ಅವನಿಲ್ಲದ ಕಡೆ ತಂಡವು ಚದರುವುದು. ಸರ್ಕಾರದ ಹಣವು ಸಾಲದಾದಾಗ ಈ ಸಂಸ್ಥಾನದ ಸ್ವಯಂಸೇವಕರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, ವಸಂತಕಾಲದಲ್ಲಿ ತಾವು ಬೆಳೆಸಿದ ಟೊಮ್ಯಾಟೊ ಮೊದಲಾದ ಸಸಿಗಳನ್ನು ಮಾರಿ, ಬಂದ ಹಣವನ್ನು ಪಾಠಗಳಿಗೂ ಚಿಕಿತ್ಸಾಲಯಗಳಿಗೂ ಒದಗಿಸುತ್ತಿದ್ದಾರೆ.